ಬಿಟ್ಟು ಹೋದ ಮನೆಯಲ್ಲಿ ಏಳು ತಿಂಗಳು

ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆರೂಕಾಲಿಗೆ ನಾವು ಕೊಟ್ಟೂರು ಬಿಟ್ಟು ಹರಪನಹಳ್ಳಿಗೆ ಹೊರಟೆವು. ಡಿಸೆಂಬರ್ ಬಂದಾಗಲೂ ಕೊಟ್ಟೂರಿನ ಅದೇ ಬಾಡಿಗೆ ಮನೆಯಲ್ಲಿ, ಅದೇ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಎರಡೂ ಮಾತು ನಿಜ. ನಮ್ಮ ಕಡೆ ಊರು ಬಿಡಲು ಒಳ್ಳೆಯ ದಿನ ಒಂದು, ಅನುಕೂಲದ ದಿನ ಇನ್ನೊಂದು ಆದರೆ ಪರಸ್ಥಾನ ಇಡುತ್ತಾರೆ. ಹೊಸ ಬಟ್ಟೆಯಲ್ಲಿ ಒಂದು ಸೇರು ಅಕ್ಕಿ, ಐದು ಅಡಿಕೆ, ಒಂದು ಅರಿಶಿನದ ಕೊಂಬು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಆ ಗಳಿಗೆಗೆ ಸರಿಯಾಗಿ ಇಟ್ಟು ಬಂದರೆ ಸಾಕು, ಪಂಚಾಂಗದ ಲೆಕ್ಕದಲ್ಲಿ ನೀವು ಹೊರಟಾಯಿತು. ದೇಹ ಆಮೇಲೆ ತನ್ನ ಅನುಕೂಲ ನೋಡಿಕೊಂಡು ಹೋಗಬಹುದು. ನಿಯಮ ಒಂದೇ: ಇಟ್ಟ ಗಂಟನ್ನು ಹೋಗುವಾಗ ಎತ್ತಿಕೊಂಡು ಹೋಗಬೇಕೇ ಹೊರತು ತಿರುಗಿ ಮನೆಗೆ ತರುವಂತಿಲ್ಲ. ನಮ್ಮ ಗಂಟು ಹರಪನಹಳ್ಳಿ ರಸ್ತೆಯ ಕೊನೆಯ ತಿರುವಿನಲ್ಲಿ, ಪಂಪ್‌ಸೆಟ್ ರಿಪೇರಿ ಮಾಡುವ ಮಾಬುಸಾಬರ ಮನೆಯ ಗೋಡೆಗೂಡಿನಲ್ಲಿ ಕೂತಿತು. ಅವರ ಹೆಂಡತಿ ಹುಸೇನಬಿ ನನ್ನ ಅಜ್ಜಿಯ ಹಳೆಯ ಗೆಳತಿ, ಮತ್ತು ಆ ದಿಕ್ಕಿನಲ್ಲಿ ಅದಕ್ಕಿಂತ ಆಚೆ ನಮಗೆ ಗೊತ್ತಿದ್ದ ಮನೆ ಇರಲಿಲ್ಲ.

ಹೊರಡಲು ಕಾರಣ ಅಪ್ಪನ ಕೆಲಸ. ಅಪ್ಪ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನ ಸಾಹುಕಾರ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಇನ್ನೊಂದು ಮಿಲ್ಲು ಹಾಕುತ್ತೇನೆ, ಅದನ್ನು ನೀನೇ ನೋಡಿಕೋ ಎಂದಿದ್ದ. ಅಪ್ಪನ ಜೀವಮಾನದಲ್ಲಿ ಯಾರೂ ಅವನಿಗೆ ಏನನ್ನೂ ನೋಡಿಕೋ ಎಂದಿರಲಿಲ್ಲ. ಅವನು ಆ ವಾರವೇ ಊರಿಗೆಲ್ಲ ಹೇಳಿದ. ನಾಲ್ಕು ಮನೆಯವರು ನಮ್ಮನ್ನು ಕರೆದು ಹೋಳಿಗೆ ಊಟ ಹಾಕಿದರು, ಅವ್ವನಿಗೆ ಉಡಿ ತುಂಬಿದರು. ಅಪ್ಪ ಶಾಲೆಗೆ ಹೋಗಿ ನನ್ನ ಟಿ.ಸಿ. ತೆಗೆಸಿಕೊಂಡು ಬಂದ. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಜ್ಜಿ. ಅವಳ ತವರು ಹಲವಾಗಲು, ಹರಪನಹಳ್ಳಿ ತಾಲ್ಲೂಕಿನಲ್ಲಿ ಹೊಳೆಯ ದಂಡೆಯ ಹಳ್ಳಿ. ಅಲ್ಲಿ ಅವಳ ತಮ್ಮನಿದ್ದ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಹೊಳೆ ನೋಡಿದ್ದು ಎಷ್ಟು ಸಲ ಎಂದು ಅವಳು ಬೆರಳಲ್ಲಿ ಎಣಿಸಿ ಹೇಳುತ್ತಿದ್ದಳು, ಒಂದು ಕೈ ಸಾಕಾಗುತ್ತಿತ್ತು.

ಮನೆಯ ಸಾಮಾನು ಕಟ್ಟಿದ್ದು ಅಜ್ಜಿಯ ಮೇಲ್ವಿಚಾರಣೆಯಲ್ಲಿ. ಅವಳ ಶಿಸ್ತಿನ ಬಗ್ಗೆ ನನಗೆ ತಕರಾರಿಲ್ಲ, ನನ್ನದು ಅಲ್ಲಿಂದಲೇ ಬಂದದ್ದು. ಐದಕ್ಕೆ ಎದ್ದು ಅಂಗಳಕ್ಕೆ ನೀರು ಹಾಕಬೇಕು, ಆರಕ್ಕೆ ಲಿಂಗಪೂಜೆ ಮುಗಿಯಬೇಕು, ಒಂಬತ್ತಕ್ಕೆ ಕೊನೆಯ ರೊಟ್ಟಿ ಹಂಚಿನಿಂದ ಇಳಿಯಬೇಕು. ಐದು ನಿಮಿಷ ಹೆಚ್ಚುಕಡಿಮೆಯಾದರೆ ಅವಳು ಮಾತಾಡುತ್ತಿರಲಿಲ್ಲ, ನೋಡುತ್ತಿದ್ದಳು. ಹಂಡೆ, ಹಿಟ್ಟು ನಾದುವ ಪರಾತ, ಹಬ್ಬದ ತಟ್ಟೆಗಳು, ಕೌದಿಗಳು, ನನ್ನ ಪುಸ್ತಕಗಳು ಎಲ್ಲ ಎಂಟು ಗೋಣಿಚೀಲದಲ್ಲಿ ಹೋಗಿ ಪಡಸಾಲೆಯ ಗೋಡೆಗೆ ಸಾಲಾಗಿ ನಿಂತವು. ಕಾಗದಪತ್ರಗಳಿದ್ದ ಕಬ್ಬಿಣದ ಟ್ರಂಕನ್ನು ಅಜ್ಜಿ ತಾನೇ ತೆಂಗಿನ ಹಗ್ಗದಿಂದ ನಾಲ್ಕು ಸುತ್ತು ಬಿಗಿದಳು. ಹೊರಗೆ ಉಳಿದದ್ದು ನಾಲ್ಕು ತಟ್ಟೆ, ಎರಡು ಪಾತ್ರೆ, ಒಂದು ಕೊಡ, ಒಂದು ಸೌಟು, ಒಂದು ಹಂಚು. ನಾವು ಹೊರಡುವವರೆಗಿನ ಎಂಟು ದಿನಕ್ಕೆ ಇಷ್ಟು ಸಾಕು ಎಂದು ಅಜ್ಜಿ ಹೇಳಿದಳು. ಎಂಟು ದಿನಕ್ಕೆ ಸಾಕೇ ಆಗಿತ್ತು. ಆಮೇಲಿನ ಏಳು ತಿಂಗಳು ಅವ್ವ ಒಂದು ಪಾತ್ರೆಯ ಮುಚ್ಚಳದಲ್ಲಿ ಹಿಟ್ಟು ನಾದಿದಳು. ಪ್ರಯಾಣಕ್ಕೆ ಕಟ್ಟಿದ ಚೀಲದ ಬಾಯಿ ಪ್ರಯಾಣಕ್ಕೆ ಮುಂಚೆ ಬಿಚ್ಚಬಾರದು, ಅದು ಅಜ್ಜಿಯ ಕಟ್ಟಪ್ಪಣೆ. ಆದ್ದರಿಂದ ಅವ್ವ ಬಾಯಿಯನ್ನು ಮುಟ್ಟದೆ ಚೀಲದ ಪಕ್ಕೆಯನ್ನು ಬ್ಲೇಡಿನಿಂದ ಸೀಳಿ, ಬೇಕಾದ್ದನ್ನು ಎಳೆದುಕೊಂಡು, ದಬ್ಬಣದಿಂದ ಮತ್ತೆ ಹೊಲಿಯುತ್ತಿದ್ದಳು. ಅಜ್ಜಿ ಎದುರಿಗೆ ಕೂತು ನೋಡುತ್ತಿದ್ದಳು. ಗಂಟು ಗಂಟಾಗಿಯೇ ಇತ್ತು, ಶಾಸ್ತ್ರ ಕೆಟ್ಟಿರಲಿಲ್ಲ. ಯಾವ ಚೀಲದಲ್ಲಿ ಏನಿದೆ ಎಂದು ನಾನು ಒಂದು ಪಟ್ಟಿ ಮಾಡಿಟ್ಟಿದ್ದೆ, ಒಂದೇ ತಿಂಗಳಲ್ಲಿ ಅದು ಪೂರ್ತಿ ಸುಳ್ಳಾಯಿತು. ನನ್ನ ಗಣಿತದ ಪುಸ್ತಕ ಸಿಕ್ಕಿದ್ದು ಕೌದಿಗಳ ನಡುವೆ, ಶ್ರಾವಣದಲ್ಲಿ.

ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಬಾರದೆಂಬುದು ನಮ್ಮ ಸುತ್ತಲಿನ ಎಲ್ಲ ಮನೆಗಳಲ್ಲೂ ಇದ್ದ ರೂಢಿ. ನಮ್ಮ ಮನೆಯಲ್ಲಿ ಅದು ಕಾಯಿದೆ. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚಾಗುತ್ತಿತ್ತು. ದೀಪ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದೆವು. ಅಕ್ಕಿ ತೀರಿದರೆ ಅದೂ ಹೆಚ್ಚಾಗುತ್ತಿತ್ತು. ಅಂಗಡಿಗೆ ಓಡಬೇಕಾದವಳು ನಾನಾದ್ದರಿಂದ, ಯಾವುದು ನಿಜವಾಗಿ ಹೆಚ್ಚಾಗಿದೆ, ಯಾವುದು ಅಜ್ಜಿಯ ಬಾಯಲ್ಲಿ ಹೆಚ್ಚಾಗಿದೆ ಎಂದು ಡಬ್ಬಿ ಅಲ್ಲಾಡಿಸಿ ನೋಡಿಕೊಂಡೇ ಹೊರಡುತ್ತಿದ್ದೆ. ಸಾಹುಕಾರ ಇಂದು ಹೊರಡು ಎನ್ನುತ್ತಾನೆ, ನಾಳೆ ಎನ್ನುತ್ತಾನೆ ಎಂದು ಮಳೆಗಾಲವೆಲ್ಲ ಕಾದಿದ್ದ ಇಂಥ ಮನೆಗೆ ದಸರೆ ಮುಗಿದ ಮೇಲೆ ಒಂದು ಸಂಜೆ ಅಪ್ಪ ಬಂದ. ಸಾಹುಕಾರನೂ ಅವನ ಅಣ್ಣನೂ ಬೇರೆಯಾಗಿ, ಹರಪನಹಳ್ಳಿಯ ಜಾಗ ಅಣ್ಣನ ಪಾಲಿಗೆ ಹೋಗಿತ್ತು. ಅಣ್ಣ ಅಲ್ಲಿ ಗೊಬ್ಬರದ ಅಂಗಡಿ ಹಾಕಿಯೂ ಆಗಿತ್ತು. ಕೊಟ್ಟೂರಿನ ಮಂಡಕ್ಕಿ ಭಟ್ಟಿಯವನಿಂದ ಹಿಡಿದು ಎಲ್ಲರಿಗೂ ಇದು ಗೊತ್ತಿತ್ತು. ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದು ಹೇಳಿದ್ದು ಇಷ್ಟು:

"ಸ್ವಲ್ಪ ಮುಂದಕ್ಕ ಹೋಗೈತಿ."

"ಹೋಗ್ಲಿ ಬಿಡು," ಅಂದಳು ಅಜ್ಜಿ. "ಒಳ್ಳೆ ಕೆಲಸ ತಡಾನ ಆಗೋದು."

ಅವ್ವ ಎಂಟು ಚೀಲಗಳ ಕಡೆ ಒಂದು ಸಲ ನೋಡಿ, ಮುಚ್ಚಳದಲ್ಲಿ ಹಿಟ್ಟು ನಾದುವುದಕ್ಕೆ ಹೋದಳು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಇದೇ ಮಾತು. ಮುಂದಕ್ಕ ಹೋಗೈತಿ. ಸಾಹುಕಾರನ್ನ ಸೋಮವಾರ ಕೇಳ್ತೀನಿ. ಯಾವ ಸೋಮವಾರ ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪ ದಿನಾ ಅದೇ ಮಿಲ್ಲಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತು ಬರುತ್ತಿದ್ದ. ಊರು ಬಿಡುತ್ತೇವೆಂದು ಯಾರು ಯಾರ ಮನೆಯಲ್ಲಿ ಉಂಡಿದ್ದೆವೋ ಅವರ ಓಣಿಗಳನ್ನು ತಪ್ಪಿಸಿ ಅವ್ವ ನೀರಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಅವಳು ಕೊಡ ಹೊತ್ತು ನಡೆದ ಆ ಹೆಚ್ಚಿನ ದಾರಿಯನ್ನೆಲ್ಲ ಕೂಡಿಸಿದರೆ ಹರಪನಹಳ್ಳಿಗೆ ಹತ್ತು ಸಲ ಹೋಗಿ ಬರಬಹುದಿತ್ತೇನೋ. ಬಸ್ಸಿಗಾದರೆ ಹೆಚ್ಚೆಂದರೆ ಒಂದೂವರೆ ತಾಸಿನ ದಾರಿ.

ಇದೆಲ್ಲದರ ಭಾರ ಕೊನೆಗೆ ಬಿದ್ದದ್ದು ನನ್ನ ಮೇಲೆ. ಟಿ.ಸಿ. ತೆಗೆಸಿದ ಮೇಲೆ ನಾನು ಶಾಲೆಯವಳಲ್ಲ. ಜೂನಿನಲ್ಲಿ ಬಾಗಿಲು ತೆರೆದಾಗ, ಹೋಗುವತನಕ ಕೂತಿರಲಿ ಪಾಪ ಎಂದು ಹೆಡ್ಮಾಸ್ತರು ಏಳನೇ ಕ್ಲಾಸಿನ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದರು. ದಿನಾ ಹಾಜರಿ ಕೂಗುವಾಗ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಕೂರುತ್ತಿದ್ದರು, ನನ್ನ ಹೆಸರು ಬಾರದೆಯೇ ಹಾಜರಿ ಪುಸ್ತಕ ಮುಚ್ಚುತ್ತಿತ್ತು, ನಾನು ಕೂತೇ ಇರುತ್ತಿದ್ದೆ. ಬಂದರೂ ಒಂದೇ, ಬಾರದಿದ್ದರೂ ಒಂದೇ. ಆದರೂ ಒಂದು ದಿನ ತಪ್ಪಿಸಲಿಲ್ಲ, ಒಂದು ದಿನ ತಡವಾಗಿ ಹೋಗಲಿಲ್ಲ. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇರುತ್ತಿತ್ತು. ಅದರಲ್ಲಿ ಪಾಸಾಗದೆ ಹೈಸ್ಕೂಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಮತ್ತೆ ಶಾಲೆಗೆ ಬಂದದ್ದನ್ನು ನಮ್ಮ ಓಣಿಯಲ್ಲಿ ನಾನು ಕಂಡಿರಲಿಲ್ಲ.

ನಮಗೆ ಇಂಗ್ಲಿಷ್ ಕಲಿಸುತ್ತಿದ್ದವರು ಶಾಂತಾ ಟೀಚರ್, ಹಡಗಲಿ ಕಡೆಯ ಇಟ್ಟಿಗಿಯವರು. ದಿನಕ್ಕೊಂದು ಜೋಡಿ ಪದ ಬೋರ್ಡಿನ ಮೂಲೆಯಲ್ಲಿ ಬರೆದು, ಅದನ್ನು ಉಪಯೋಗಿಸಿ ಒಂದು ವಾಕ್ಯ ಹೇಳಿಸುವುದು ಅವರ ಪದ್ಧತಿ. ವಾಕ್ಯ ನಮ್ಮ ಮನೆಯಲ್ಲೋ ಓಣಿಯಲ್ಲೋ ನಡೆದದ್ದೇ ಆಗಿರಬೇಕು, ಗೈಡಿನಿಂದ ಕದ್ದದ್ದು ಆಗಬಾರದು. ಡಿಸೆಂಬರಿನ ಒಂದು ಮಂಗಳವಾರ ಅವರು ಬರೆದದ್ದು ಫಾಲ್ ಥ್ರೂ.

"ಇವೆರಡು ಬ್ಯಾರೆ ಬ್ಯಾರೆ ಇದ್ದಾಗ ಏನರ ಅನ್ಲಿ," ಅಂದರು. "ಕೂಡಿ ಬಂದ್ರ ಅರ್ಥ ಇಷ್ಟ: ಆಗ್ತೈತಿ ಅಂತ ಎಲ್ಲಾ ಗೊತ್ತು ಮಾಡಿದ್ದು ಕಡೀಕ ಆಗದ ಹೋಗೋದು. ಮದುವಿ ಮಾತು, ಹೊಲದ ವ್ಯವಹಾರ, ಪ್ರವಾಸ, ಇಂಥಾವಕ್ಕ ಹಚ್ರಿ. ಮನುಷ್ಯಾರಿಗೆ ಹಚ್ಚಬ್ಯಾಡ್ರಿ. ಪರೀಕ್ಷಾದಾಗ ಫೇಲಾದೋರಿಗೆ ಈ ಮಾತು ಬರಂಗಿಲ್ಲ, ಅವರಿಗೆ ಫೇಲ್ ಅಂತಾನ ಅನ್ನಬೇಕು."

ಕ್ಲಾಸು ನಕ್ಕಿತು. ಒಬ್ಬ ಹುಡುಗ ತನ್ನ ಅಣ್ಣನ ಹಂಪಿ ಪ್ರವಾಸದ ವಾಕ್ಯ ಹೇಳಿದ, ಒಬ್ಬಳು ಎಮ್ಮೆ ಕೊಳ್ಳುವ ಮಾತು ಮುರಿದದ್ದನ್ನು ಹೇಳಿದಳು. ಹಾಜರಿಯಲ್ಲಿ ಇಲ್ಲದಿದ್ದರೂ ವಾಕ್ಯ ಹೇಳುವ ಸರದಿ ನನಗೂ ಬರುತ್ತಿತ್ತು. ಎದ್ದು ನಿಂತು, ನಾವು ಹರಪನಹಳ್ಳಿಗೆ ಹೋಗುವ ಪ್ಲ್ಯಾನ್ ಫೆಲ್ ಥ್ರೂ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಮನೆಯವರಲ್ಲಿ ಆ ಮಾತನ್ನು ಯಾವ ಭಾಷೆಯಲ್ಲಾದರೂ ಹೇಳಿದವಳು ನಾನೇ ಮೊದಲು. ಸರಿಯಾಗಿದೆಯಲ್ಲ ಎಂದು ಟೀಚರ್ ಮುಖ ನೋಡಿದೆ. ಅವರು ವಾಕ್ಯ ತಿದ್ದಲಿಲ್ಲ.

"ಹಂಗಂದ್ರ ನೀವು ಹೋಗಂಗಿಲ್ಲೇನು?"

"ಇಲ್ರಿ ಟೀಚರ್."

"ಮತ್ತ ಪರೀಕ್ಷಾದ ಪಟ್ಟ್ಯಾಗ ನಿನ್ನ ಹೆಸರs ಇಲ್ಲಲ್ಲೇ ಸುಶೀಲಾ!"

ಕೈ ಹಿಡಿದು ಹೆಡ್ಮಾಸ್ತರ ಕೋಣೆಗೆ ಕರೆದುಕೊಂಡು ಹೋದರು. ಹೆಡ್ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಶನಿವಾರ ಹೆಸರಿನ ಪಟ್ಟಿ ಕೂಡ್ಲಿಗಿಯ ಆಫೀಸಿಗೆ ಹೋಗುತ್ತದೆ. ಅದರೊಳಗೆ ಟಿ.ಸಿ. ತಿರುಗಿ ಕೊಟ್ಟು, ಊರು ಬಿಡುತ್ತೇವೆಂದವರು ಯಾಕೆ ಬಿಡಲಿಲ್ಲ ಎಂದು ಒಂದು ಅರ್ಜಿ ಕೊಟ್ಟರೆ ನನ್ನನ್ನು ಸೇರಿಸಿಕೊಳ್ಳಬಹುದು. ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ. ಇಷ್ಟು ಸ್ಪಷ್ಟವಾಗಿ ದಿನ, ಕೆಲಸ, ಕಾರಣ ಮೂರನ್ನೂ ಹೇಳಿದವರನ್ನು ನಾನು ಏಳು ತಿಂಗಳಲ್ಲಿ ಕಂಡಿರಲಿಲ್ಲ. ಅವರ ಕಾಲಿಗೆ ಬೀಳಬೇಕೆನಿಸಿತು.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ವಿಷಯ ತೆಗೆದೆ. ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ. ಚೀಲಗಳ ಸಾಲಿಗೆ ಬೆನ್ನು ಕೊಟ್ಟು ಅಪ್ಪ ಕೂತಿದ್ದ. ಆ ಚೀಲಗಳಿಗೆ ಅವನು ಯಾವಾಗಲೂ ಬೆನ್ನು ಕೊಟ್ಟೇ ಕೂರುತ್ತಿದ್ದ.

"ಅಪ್ಪಾ, ಶನಿವಾರದೊಳಗ ನನ್ನ ಟಿ.ಸಿ. ತಿರುಗಿ ಸಾಲಿಗೆ ಕೊಡಬೇಕಂತ."

"ಅದ್ಹೆಂಗ ಕೊಡಾಕ ಬರ್ತೈತಿ? ಹರಪನಹಳ್ಳಿ ಸಾಲ್ಯಾಗ ಕೇಳ್ತಾರ ಅದನ್ನ."

"ಹರಪನಹಳ್ಳಿ ಫಾಲ್ ಥ್ರೂ ಆಗೈತಿ."

"ಏನಾಗೈತಿ?" ಅಜ್ಜಿ ತಲೆ ಎತ್ತಿದಳು.

"ಅದು ಇಂಗ್ಲಿಷ್ ಅಜ್ಜಿ."

"ಇಂಗ್ಲಿಷಾದ್ರ ಅರ್ಥ ಇರಂಗಿಲ್ಲೇನು?"

"ಐತಿ. ಹೇಳಿದ್ರ ಬೈತಿ."

"ನನಗ ಹೇಳು," ಅಂದಳು ಅವ್ವ ಒಲೆಯ ಕಡೆಯಿಂದ, ತಿರುಗದೆ.

ಹೇಳಿದೆ. ಶಾಂತಾ ಟೀಚರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಗೊತ್ತು ಮಾಡಿದ್ದು ಕಡೆಗೆ ಆಗದೆ ಹೋಗುವುದು, ಮನುಷ್ಯರಿಗೆ ಹಚ್ಚಬಾರದು, ಎಲ್ಲ. ಅಪ್ಪ ರೊಟ್ಟಿ ಮುರಿಯುತ್ತಿದ್ದವನು ಮುರಿಯುತ್ತಲೇ ಹೋದ, ತಟ್ಟೆಯ ತುಂಬ ಚೂರು.

"ಬಿಡ್ತು ಅನ್ನು!" ಅಜ್ಜಿ ಕೂಗಿದಳು. "ಹೊಸ್ತಿಲದ ಎದುರಿಗೆ ಕುಂತು ಇಂಥಾ ಮಾತು! ಬಿಡ್ತು ಅನ್ನು ಅಂದೆ."

"ಅನ್ನಂಗಿಲ್ಲ."

"ನೋಡೋ ನಿನ್ನ ಮಗಳ್ನ!"

ಅಪ್ಪ ನನ್ನನ್ನು ನೋಡಲಿಲ್ಲ. ತಟ್ಟೆಯಲ್ಲೇ ಕೈತೊಳೆದು, "ಸೋಮವಾರ ಸಾಹುಕಾರನ್ನ ಕೇಳಿ ಏನಂತ ಹೇಳ್ತೀನಿ" ಎಂದು ಎದ್ದು ಹೋದ. ಪಟ್ಟಿ ಶನಿವಾರ ಹೋಗುತ್ತದೆ ಎಂದು ನಾನು ಅವನ ಬೆನ್ನಿಗೆ ಕೂಗಿದೆ. ಅಜ್ಜಿ ಆ ದಿನ ನನ್ನೊಡನೆ ಮಾತು ಬಿಟ್ಟಳು. ಅವ್ವ ಮಾತ್ರ ಮರುದಿನ ಬೆಳಿಗ್ಗೆ ಮೊಸರಿನ ಗಡಿಗೆಯ ಮುಚ್ಚಳ ತೆಗೆದು ನೋಡಿ, ಮೆಲ್ಲಗೆ ನನಗಷ್ಟೇ ಕೇಳುವಂತೆ ಹೇಳಿದಳು:

"ಮೊಸರು ಫಾಲ್ ಥ್ರೂ ಆಗೈತಿ ನೋಡು."

"ಮೊಸರಿಗೆ ಹಂಗನ್ನಾಕ ಬರಂಗಿಲ್ಲವ್ವ."

"ಯಾಕ ಬರಂಗಿಲ್ಲ? ಹೆಪ್ಪು ಹಾಕಿ ಎಲ್ಲಾ ಗೊತ್ತು ಮಾಡಿದ್ದೆ. ಆಗಲಿಲ್ಲ."

ಅವಳ ತುಟಿಯಲ್ಲಿ ನಗು ಇತ್ತು. ಎಷ್ಟು ತಿಂಗಳಿಂದ ಒಂದು ಸೋತ ಕೆಲಸವನ್ನು ಸೋತಿತು ಎನ್ನಲು ಕಾದಿದ್ದಳೋ ಏನೋ, ನಾನು ಶಾಲೆಗೆ ಹೊರಡುವುದರೊಳಗೆ ಹರಿದ ಹಗ್ಗಕ್ಕೂ ಬಾರದ ಅಗಸನಿಗೂ ಅದನ್ನೇ ಹಚ್ಚಿದಳು. ಅಗಸ ಮನುಷ್ಯ ಎಂದು ನಾನು ತಿದ್ದಿದೆ. ಬಟ್ಟೆ ಬರುವುದಲ್ಲವೇ ಗೊತ್ತಾಗಿದ್ದು ಎಂದಳು. ನನಗೆ ಅಳು ಬರುವಷ್ಟು ಸಿಟ್ಟು. ಮನೆಯಲ್ಲಿ ಒಬ್ಬರಿಗೆ ಬಾಯಿಲ್ಲ, ಒಬ್ಬರಿಗೆ ಕಿವಿಯಿಲ್ಲ, ಒಬ್ಬರಿಗೆ ತಮಾಷೆ. ನನಗಿರುವುದು ಮೂರು ದಿನ.

ಬುಧವಾರ ಶಾಲೆ ಬಿಟ್ಟ ಕೂಡಲೇ ನಾನು ಹುಸೇನಬಿಯ ಮನೆಗೆ ನಡೆದೆ. ನನ್ನ ಲೆಕ್ಕ ಸರಳ. ಗಂಟು ಅಲ್ಲಿರುವವರೆಗೆ ನಾವು ಹೊರಟವರು. ಗಂಟು ಮನೆಗೆ ಬಂದರೆ ಹೊರಡಲಿಲ್ಲವೆಂದಾಯಿತು, ಆಮೇಲೆ ಯಾರೂ ಏನೂ ಹೇಳುವ ಅಗತ್ಯವೇ ಇಲ್ಲ. ಅವಳು ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಹಿಂದೆ ಮಾಬುಸಾಬರು ಒಂದು ಮೋಟಾರನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದರು.

"ನಮ್ಮ ಗಂಟು ಕೊಡ್ರಿ. ಮನಿಗೆ ಒಯ್ತೀನಿ."

"ಅರೇ ಬೇಟಿ, ನಿನ್ನ ಕೈಯಾಗ ಹೆಂಗ ಕೊಡ್ಲಿ? ನಿಮ್ಮಜ್ಜಿ ಇಟ್ಟಾಳ, ಅಕಿ ಕೈಯಾಗs ಕೊಡ್ತೀನಿ. ಏಳು ತಿಂಗಳು ಕಾದೀನಿ ಅದನ್ನ. ಹುಳಾ ಹತ್ತಬಾರದಂತ ತಿಂಗಳಿಗೊಮ್ಮೆ ಬಿಸಲಿಗೆ ಹರವಿ ಮತ್ತ ಕಟ್ಟೀನಿ. ಬೇಕಾದ್ರ ಅಜ್ಜೀನs ಕೇಳು, ಅಕಿ ಎದುರಿಗೇ ಕಟ್ಟೀನಿ."

"ಅಜ್ಜಿ ಇಲ್ಲಿಗೆ ಬರ್ತಾಳ?"

"ವಾರಾ ವಾರಾ ಬರ್ತಾಳ. ಗುರುವಾರ ಗುಡಿಯಿಂದ ಹಂಗs ಈ ಕಡೆ. ಇಲ್ಲೇ ಕುಂದ್ರತಾಳ ಕಟ್ಟಿ ಮ್ಯಾಲ. ಹರಪನಹಳ್ಳಿ ಬಸ್ಸು ನಿಂತ್ರ, ಹಲವಾಗಲ ಕಡೇರು ಯಾರರ ಅದೀರೇನು, ನನ್ನ ತಮ್ಮ ಹೆಂಗದಾನ ಅಂತ ಕೇಳ್ತಾಳ. ಚಾ ಕುಡದು ಹೋಗ್ತಾಳ."

"ನಾವು ಹೋಗಂಗಿಲ್ಲ ಅನ್ನೋದು ಅಕಿಗೆ ಗೊತ್ತಿಲ್ಲ. ಅದಕ್ಕ..."

ಹುಸೇನಬಿ ಮೊರ ಕೆಳಗಿಟ್ಟಳು.

"ಎಲ್ಲಾ ಗೊತ್ತೈತಿ ಅಕಿಗೆ. ಗೊಬ್ಬರದ ಅಂಗಡಿ ಹಾಕ್ಯಾರಂತ ನನಗ ಹೇಳಿದಾಕಿನs ಅಕಿ. ತನ್ನ ಬಾಯಿಲೆ ಅಂದ್ರ ಮಗ ಸಣ್ಣಾಂವ ಆಗ್ತಾನ, ಅಂವನs ಹೇಳ್ಲಿ ಅಂತ ಸುಮ್ಕದಾಳ. ನಿಮ್ಮಪ್ಪಂದು ಇನ್ನೊಂದು. ಮೊನ್ನಿ ಇವರ ಹಂತೇಕ ಬಂದು ಅನ್ನಾಕತ್ತಿದ್ದ, ಅವ್ವ ತವರಿನ ದಾರಿ ನೋಡಾಕತ್ತಾಳ, ಹೆಂಗ ಹೇಳ್ಲಿ ಮಾಬೂ ಅಂತ."

ಮಾಬುಸಾಬರು ಮೋಟಾರಿನಿಂದ ತಲೆ ಎತ್ತದೆ ಹೌದೆಂದು ಗೋಣು ಹಾಕಿದರು. ಅಲ್ಲಿಯೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಅಜ್ಜಿಗೆ ಗೊತ್ತು, ಅಪ್ಪನಿಗೆ ಗೊತ್ತು, ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯುತ್ತ ಇಬ್ಬರೂ ನನ್ನ ಹೆಸರನ್ನು ಎಲ್ಲಿಯೂ ಇಲ್ಲದಂತೆ ಮಾಡಿ ಕೂತಿದ್ದಾರೆ. ಈ ಪ್ರೀತಿಯನ್ನು ಏನು ಮಾಡಬೇಕೆಂದು ಹನ್ನೆರಡು ವರ್ಷದ ನನಗೆ ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿದೆ ಎನ್ನಲಾರೆ. ಹುಸೇನಬಿ ಏನಾಯಿತೆಂದು ಬಿಡಿಸಿ ಕೇಳಿದಳು. ಹಾಜರಿಯ ವಿಷಯ, ಪಟ್ಟಿಯ ವಿಷಯ, ಶನಿವಾರದ ವಿಷಯ ಎಲ್ಲ ಹೇಳಿದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ಕತ್ತಲಾಗುವ ಮೊದಲು ಮನೆ ಸೇರಿಕೋ ಎಂದಳು.

ಗುರುವಾರ ಸಂಜೆ ಅಜ್ಜಿ ಗುಡಿಗೆ ಹೋದವಳು ಎಂದಿಗಿಂತ ತಡವಾಗಿ ಬಂದಳು. ಐದು ನಿಮಿಷ ತಡವನ್ನು ಸಹಿಸದವಳು ಒಂದು ತಾಸು ತಡ. ಅಪ್ಪ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದ. ಬಂದಳು. ಸೆರಗಿನೊಳಗಿಂದ ಗಂಟನ್ನು ತೆಗೆದು ಅವನ ಎದುರಿಗೆ ಕಟ್ಟೆಯ ಮೇಲಿಟ್ಟಳು.

"ಅವ್ವಾ, ಇದನ್ನ ತರಬಾರದಿತ್ತಲ್ಲ..."

"ತಂದೀನಿ."

"ಶಾಸ್ತ್ರ..."

"ಶಾಸ್ತ್ರ ನನಗ ಹೇಳಾಕ ಬರಬ್ಯಾಡ. ಹುಡುಗಿ ಹೆಸರು ಸಾಲ್ಯಾಗ ಇಲ್ಲಂತ. ಜೂನ್ ತಿಂಗಳಿಂದ ಹೆಸರಿಲ್ಲದ ಹೋಗಿ ಕುಂತು ಬರಾಕತ್ತಾಳ. ನಿನಗ ಗೊತ್ತಿತ್ತೇನು?"

ಅಪ್ಪನಿಗೆ ಗೊತ್ತಿತ್ತು. ಟಿ.ಸಿ. ತೆಗೆಸಿದವನೇ ಅವನು. ಅವನು ಕಟ್ಟೆಯ ಮೇಲೆ, ಗಂಟಿನ ಪಕ್ಕದಲ್ಲಿ ಕೂತ.

"ಸೋಮವಾರ ಹೋಗಿ ಮಾತಾಡ್ತೀನವ್ವ. ಶನಿವಾರ ಮಿಲ್ಲಿನಾಗ ಲೋಡ್ ಐತಿ."

"ನಿನ್ನ ಸೋಮವಾರ ಬಾಳ ನೋಡೀನಿ."

ಆಮೇಲೆ ಅಪ್ಪ ನೆಲ ನೋಡುತ್ತ ಕೇಳಿದ:

"ನಿನಗ ಆ ಕಡೆ ಹೋಗಿ ಇರಬೇಕಂತ ಬಾಳ ಇತ್ತಲ್ಲವ್ವ."

"ಇತ್ತು," ಅಂದಳು ಅಜ್ಜಿ.

ಅಷ್ಟೇ. ಒಳಗೆ ಹೋಗಿ ಕಾಲು ತೊಳೆದುಕೊಂಡು, ಟ್ರಂಕಿನ ಮುಂದೆ ಕೂತು ಹಗ್ಗ ಬಿಚ್ಚತೊಡಗಿದಳು. ಬೆರಳುಗಳಿಗೆ ವಾತ, ಹಗ್ಗ ಏಳು ತಿಂಗಳಲ್ಲಿ ಕಲ್ಲಾಗಿತ್ತು. ಅವ್ವ ಬ್ಲೇಡು ತಂದಳು. ಕಟ್ಟಿದ್ದು ನಾನು, ಬಿಚ್ಚುವುದೂ ನಾನೇ, ಕೊಯ್ಯಬೇಡ ಎಂದಳು ಅಜ್ಜಿ. ಅರ್ಧ ತಾಸು ಹಿಡಿಯಿತು. ಟಿ.ಸಿ. ಸಿಕ್ಕಿದ ಮೇಲೆ ಅದನ್ನು ನನ್ನ ಕೈಗೆ ಕೊಡಲಿಲ್ಲ, ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಶುಕ್ರವಾರ ಅಪ್ಪ ಎರಡು ಸಲ ಶಾಲೆಯ ದಾರಿ ಹಿಡಿದು ಎರಡು ಸಲವೂ ಮಿಲ್ಲಿಗೆ ಹೋದನೆಂದು ಆಮೇಲೆ ಗೊತ್ತಾಯಿತು. ಹೆಡ್ಮಾಸ್ತರ ಎದುರಿಗೆ ನಿಂತು ಅವನು ಏನೆಂದು ಹೇಳಬೇಕಿತ್ತು! ಮೇ ತಿಂಗಳಲ್ಲಿ ಅದೇ ಕೋಣೆಯಲ್ಲಿ ಪೇಡೆ ಹಂಚಿದ್ದ.

ಶನಿವಾರ ಬೆಳಗಿನ ಶಾಲೆ, ಏಳೂವರೆಗೆ ಗಂಟೆ. ಏಳಕ್ಕೇ ಅಜ್ಜಿ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಬಾಗಿಲಲ್ಲಿ ನಿಂತಿದ್ದಳು. ಅವಳು ಶಾಲೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೆಡ್ಮಾಸ್ತರು ಕುರ್ಚಿ ತೋರಿಸಿದರು, ಅವಳು ನಿಂತೇ ಇದ್ದಳು. ಟಿ.ಸಿ.ಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒಂದು ಸಲ ನೀವಿದಳು. ಪಟ್ಟಿಗೆ ಸಹಿ ಹಾಕಿಸಲು ಬಂದಿದ್ದ ಶಾಂತಾ ಟೀಚರ್ ಕಿಟಕಿಯ ಹತ್ತಿರ ನಿಂತಿದ್ದರು.

"ಪಾಲಕರು ಬರಬೇಕಿತ್ತಲ್ರಿ ಅಮ್ಮಾ. ಅವರ ಸಹಿ ಬೇಕು," ಅಂದರು ಹೆಡ್ಮಾಸ್ತರು.

"ಆ ಪಾಲಕನ್ನ ಪಾಲನಿ ಮಾಡಿದಾಕಿ ನಾನs. ನನ್ನ ಹೆಬ್ಬಟ್ಟು ನಡಿಯಂಗಿಲ್ಲೇನು?"

ಹೆಡ್ಮಾಸ್ತರು ನಗು ತಡೆದುಕೊಂಡು ಬಿಳಿ ಹಾಳೆ ತೆಗೆದರು. ಅಜ್ಜಿಗೆ ಬರೆಯಲು ಬಾರದ್ದರಿಂದ ಅರ್ಜಿಯನ್ನು ತಾವೇ ಬರೆಯತೊಡಗಿದರು. ಮೇಲಿನ ಎರಡು ಸಾಲು ಸರಾಗ ಹೋಯಿತು. ಅಲ್ಲಿ ಪೆನ್ನು ನಿಂತಿತು.

"ಕಾರಣ ಏನಂತ ಬರೀಲ್ರಿ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು, ಮತ್ತೆ ಸರಿಮಾಡಿಕೊಂಡಳು. ಮುಂದಕ್ಕ ಹೋಗೈತಿ ಎನ್ನುತ್ತಾಳೆ ಎಂದುಕೊಂಡೆ. ಹಾಗೆಂದರೆ ಹೆಡ್ಮಾಸ್ತರು ಪೆನ್ನು ಮುಚ್ಚುತ್ತಾರೆ.

"ನನ್ನ ಮಗ ಹರಪನಹಳ್ಳಿಗೆ ಹೋಗಬೇಕಂತ ಬೇತು ಮಾಡಿದ್ದ," ಅಂದಳು. ದನಿ ಪಕ್ಕದ ಕ್ಲಾಸಿಗೆ ಕೇಳುವಷ್ಟು ದೊಡ್ಡದು. "ಅದು ಮುರದು ಬಿತ್ತು. ನಾವು ಹೋಗಲಿಲ್ಲ. ಇನ್ನ ಹೋಗಂಗೂ ಇಲ್ಲ. ಹಂಗs ಬರೀರಿ."

ಶಾಂತಾ ಟೀಚರಿಗೆ ಅವಳ ಮುಖ ನೋಡಿ ಏನನ್ನಿಸಿತೋ, ಹತ್ತಿರ ಬಂದು ಹೇಳಿದರು:

"ಇದಕ್ಕ ಇಂಗ್ಲಿಷಿನಾಗ ಒಂದು ಮಾತೈತ್ರಿ ಅಜ್ಜಿ. ಅದನ್ನ ಬರದ್ರ ಅಷ್ಟು ಕೆಟ್ಟ ಅನ್ನಸಂಗಿಲ್ಲ."

"ಗೊತ್ತೈತವ್ವ, ನಮ್ಮ ಹುಡುಗಿ ಅಂದಾಳ. ಅದು ಬ್ಯಾಡ. ಕೂಡ್ಲಿಗ್ಯಾಗ ಓದೋರಿಗೆ ಒಂದs ಸಲಕ್ಕ ತಿಳಿಬೇಕು. ಕನ್ನಡದಾಗs ಬರೀರಿ."

ಹೆಡ್ಮಾಸ್ತರು ಬರೆದು ಮುಗಿಸಿ, ಶಾಯಿಯ ಡಬ್ಬಿಯನ್ನು ಅವಳ ಕಡೆ ಸರಿಸಿದರು. ಅವಳು ಮುಟ್ಟಲಿಲ್ಲ. ಹಾಳೆಯನ್ನು ಎತ್ತಿ ನನಗೆ ಕೊಟ್ಟಳು.

"ಓದು."

ಓದಿದೆ. ಹರಪನಹಳ್ಳಿಗೆ ಹೋಗುವ ನಮ್ಮ ಬೇತು ಮುರಿದು ಬಿದ್ದಿರುವುದರಿಂದ ಎನ್ನುವಲ್ಲಿ ನಿಂತೆ.

"ನಿಲ್ಲಬ್ಯಾಡ, ಮುಂದ ಓದು. ನಿನ್ನ ಹೆಸರು ಎಲ್ಲೈತಿ?"

ಮುಂದಿನ ಸಾಲಿನಲ್ಲಿತ್ತು. ಬೆರಳಿಟ್ಟು ತೋರಿಸಿದೆ. ಅಜ್ಜಿ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. ಹೆಬ್ಬಟ್ಟು ಹಾಳೆಯ ಕೆಳಗಿನ ಮೂಲೆಯಲ್ಲಿ ಹಾಕಬೇಕೆಂದು ಹೆಡ್ಮಾಸ್ತರು ಹೇಳುವಷ್ಟರಲ್ಲಿ, ನನ್ನ ಹೆಸರಿನ ಪಕ್ಕದಲ್ಲೇ ಗಟ್ಟಿಯಾಗಿ ಒತ್ತಿಬಿಟ್ಟಿದ್ದಳು.